76 ಸೆಂಟಿಮೀಟರ್: ಉತ್ತರದ ಹಿಂದಿನ ಕಥೆ



ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಎರಡು ಪ್ರಶ್ನೆಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ. ವಾಯುಮಂಡಲದ ಒತ್ತಡ ಎಷ್ಟು? 76 ಸೆಂ.ಮೀ. ಪಾದರಸ. ನೀರು ಎಷ್ಟು ಉಷ್ಣತೆಯಲ್ಲಿ ಕುದಿಯುತ್ತದೆ? 100 ಡಿಗ್ರಿ ಸೆಲ್ಸಿಯಸ್. ಎರಡಕ್ಕೂ ಪೂರ್ತಿ ಅಂಕ ಸಿಗುತ್ತದೆ. ಆದರೆ ಬೆಂಗಳೂರಿನಲ್ಲಿ ಅಳೆದು ನೋಡಿದರೆ ಪಾದರಸ ನಿಲ್ಲುವುದು ಸುಮಾರು 68 ಸೆಂ.ಮೀ. ಎತ್ತರದಲ್ಲಿ. ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ. ಹಾಗಾದರೆ ಪುಸ್ತಕ ತಪ್ಪೇ? ಉಪಕರಣ ಕೆಟ್ಟಿದೆಯೇ? ಎರಡೂ ಅಲ್ಲ. ಉತ್ತರದ ಜೊತೆ ಇರಬೇಕಾದ ಒಂದು ಮಾತು ಬಿಟ್ಟುಹೋಗಿದೆ. ಅದು ಯಾವುದೆಂದು ತಿಳಿಯಲು ಹದಿನೇಳನೆಯ ಶತಮಾನದ ಇಟಲಿಗೆ ಹೋಗಬೇಕು.

ಅಲ್ಲಿನ ಪಂಪು ಕೆಲಸಗಾರರಿಗೆ ಒಂದು ಸಂಗತಿ ಅನುಭವದಿಂದ ಗೊತ್ತಿತ್ತು. ಪಂಪು ಎಷ್ಟೇ ಗಟ್ಟಿಯಾಗಿರಲಿ, ಸುಮಾರು 10 ಮೀಟರಿಗಿಂತ ಆಳದ ನೀರನ್ನು ಅದು ಮೇಲಕ್ಕೆ ಎಳೆಯುತ್ತಿರಲಿಲ್ಲ. ಪ್ರಕೃತಿ ಬರಿದಾದ ಜಾಗವನ್ನು ಸಹಿಸುವುದಿಲ್ಲ, ಆದ್ದರಿಂದ ನೀರು ಏರಿ ಬಂದು ಆ ಜಾಗವನ್ನು ತುಂಬುತ್ತದೆ ಎಂಬುದು ಆಗಿನ ವಿದ್ವಾಂಸರ ನಂಬಿಕೆ. ಹಾಗಿದ್ದರೆ 10 ಮೀಟರಿಗೇ ಅದು ನಿಲ್ಲುವುದೇಕೆ? ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ಇದನ್ನು ಚರ್ಚಿಸಿದ. ಉದ್ದವಾದ ಹಗ್ಗ ತನ್ನ ಭಾರಕ್ಕೆ ತಾನೇ ತುಂಡಾಗುವಂತೆ ನೀರಿನ ಕಂಬವೂ ತುಂಡಾಗುತ್ತದೆ ಎಂದು ಊಹಿಸಿದ. ಅಂಥ ಮೇಧಾವಿಯ ಊಹೆಯೂ ಇಲ್ಲಿ ಸರಿಯಾಗಲಿಲ್ಲ.

ಸರಿಯಾದ ದಾರಿ ಹಿಡಿದವನು, ಗೆಲಿಲಿಯೊನ ಕೊನೆಯ ತಿಂಗಳುಗಳಲ್ಲಿ ಅವನೊಂದಿಗಿದ್ದ ಟಾರಿಸೆಲ್ಲಿ. ಪಂಪು ನೀರನ್ನು ಎಳೆಯುವುದೇ ಇಲ್ಲ. ಕೊಳವೆಯೊಳಗಿನ ಗಾಳಿಯನ್ನು ತೆಗೆಯುತ್ತದೆ, ಅಷ್ಟೆ. ಹೊರಗಿನ ಗಾಳಿ ಬಾವಿಯ ನೀರನ್ನು ಒತ್ತಿ ಮೇಲಕ್ಕೆ ತಳ್ಳುತ್ತದೆ ಎಂದು ಅವನು ಯೋಚಿಸಿದ. ನಾವೆಲ್ಲ ಗಾಳಿಯ ಸಾಗರದ ತಳದಲ್ಲಿ ಬದುಕುತ್ತಿದ್ದೇವೆ ಎಂಬುದು ಅವನ ಕಲ್ಪನೆ. ಎಳನೀರಿಗೆ ಕೊಳವೆ ಹಾಕಿ ಹೀರುವಾಗ ನಡೆಯುವುದೂ ಇದೇ. ಬಾಯಿ ದಾರಿ ಮಾಡಿಕೊಡುತ್ತದೆ, ಗಾಳಿ ತಳ್ಳುತ್ತದೆ.

ಪರೀಕ್ಷಿಸುವುದು ಹೇಗೆ? 10 ಮೀಟರ್ ಉದ್ದದ ಕೊಳವೆ ಬಳಸುವುದು ಕಷ್ಟ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಗಾಳಿ 10.3 ಮೀಟರ್ ನೀರನ್ನು ಹೊರುವುದಾದರೆ, ಪಾದರಸವನ್ನು ಅದರ 13.6ರಲ್ಲಿ ಒಂದು ಪಾಲು, ಅಂದರೆ 76 ಸೆಂ.ಮೀ. ಮಾತ್ರ ಹೊರಬೇಕು. 1643ರಲ್ಲಿ ಒಂದು ತುದಿ ಮುಚ್ಚಿದ ಗಾಜಿನ ಕೊಳವೆಗೆ ಪಾದರಸ ತುಂಬಿ, ಪಾದರಸದ ಬೋಗುಣಿಯಲ್ಲಿ ಬೋರಲು ನಿಲ್ಲಿಸಿದಾಗ ಕಂಬ ಸರಿಸುಮಾರು ಅಷ್ಟೇ ಎತ್ತರದಲ್ಲಿ ನಿಂತಿತು. ವಾಯುಭಾರ ಮಾಪಕ ಹುಟ್ಟಿದ್ದು ಹೀಗೆ.

ಆದರೂ ಸಂಶಯ ಉಳಿದಿತ್ತು. ಕಂಬವನ್ನು ಎತ್ತಿ ಹಿಡಿದಿರುವುದು ಗಾಳಿಯ ಭಾರವೇ ಆಗಿದ್ದರೆ, ಎತ್ತರಕ್ಕೆ ಹೋದಂತೆ ಮೇಲಿರುವ ಗಾಳಿ ಕಡಿಮೆಯಾಗಿ ಕಂಬವೂ ಕುಗ್ಗಬೇಕಲ್ಲವೇ? ಫ್ರಾನ್ಸಿನ ಪಾಸ್ಕಲ್ ತನ್ನ ಅಕ್ಕನ ಗಂಡ ಪೆರಿಯೆಗೆ ಪತ್ರ ಬರೆದು ಇದನ್ನು ಪರೀಕ್ಷಿಸುವಂತೆ ಕೇಳಿಕೊಂಡ. 1648ರ ಸೆಪ್ಟೆಂಬರ್ 19ರಂದು ಪೆರಿಯೆ ಕ್ಲೆರ್ಮಾಂ ಪಟ್ಟಣದಲ್ಲಿ ಮೊದಲು ಅಳತೆ ಮಾಡಿದ. ಇಂದಿನ ಲೆಕ್ಕದಲ್ಲಿ ಸುಮಾರು 71 ಸೆಂ.ಮೀ. ಬಂತು. ಅಲ್ಲಿ ಒಂದು ಕೊಳವೆಯನ್ನು ಬಿಟ್ಟು, ದಿನವಿಡೀ ನೋಡಿಕೊಳ್ಳಲು ಒಬ್ಬ ಪಾದ್ರಿಯನ್ನು ಕೂರಿಸಿದ. ಇನ್ನೊಂದನ್ನು ಪ್ಯೂಯಿ ದ ಡೋಮ್ ಬೆಟ್ಟದ ತುದಿಗೆ ಒಯ್ದ. ಅಲ್ಲಿ ಕಂಬ ಸುಮಾರು 63 ಸೆಂ.ಮೀ.ಗೆ ಇಳಿದಿತ್ತು. ಕೆಳಗಿನದು ಕದಲಿರಲಿಲ್ಲ. ಗಾಳಿಗೆ ಭಾರವಿದೆ ಎಂಬುದಕ್ಕೆ ಬೆಟ್ಟವೇ ಸಾಕ್ಷಿಯಾಯಿತು. ಒತ್ತಡದ ಮೂಲಮಾನಕ್ಕೆ 1971ರಲ್ಲಿ ಪಾಸ್ಕಲ್‌ನ ಹೆಸರನ್ನೇ ಇಡಲಾಯಿತು.

ಈಗ ಬಿಟ್ಟುಹೋದ ಮಾತು ತಿಳಿಯಿತಲ್ಲವೇ? ಅದು ‘ಸಮುದ್ರ ಮಟ್ಟದಲ್ಲಿ’. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಷ್ಟು ಗಾಳಿ ಕೆಳಗೇ ಉಳಿಯಿತು, ಒತ್ತಡ ಇಳಿಯಿತು. ಕುದಿಯುವ ನೀರಿನೊಳಗಿನ ಗುಳ್ಳೆಗಳು ಹೊರಗಿನ ಒತ್ತಡವನ್ನು ತಡೆದು ನಿಂತು ಉಬ್ಬಬೇಕು. ಒತ್ತಡ ಕಡಿಮೆಯಾದರೆ ಕಡಿಮೆ ಬಿಸಿಯಲ್ಲೇ ಅದು ಸಾಧ್ಯ. ಮಂಗಳೂರಿನಲ್ಲಿ 100 ಡಿಗ್ರಿಯ ಹತ್ತಿರ ಕುದಿಯುವ ನೀರು ಮಡಿಕೇರಿಯಲ್ಲಿ 96ರ ಆಸುಪಾಸಿನಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅಲ್ಲಿ ಅನ್ನ ಬೇಯಲು ಹೆಚ್ಚು ಹೊತ್ತು ಬೇಕು. ಕುಕ್ಕರ್ ಆವಿಯನ್ನು ತಡೆದು, ಒಳಗಿನ ಒತ್ತಡವನ್ನು ಹೆಚ್ಚಿಸಿ ಈ ಕೊರತೆಯನ್ನು ನೀಗುತ್ತದೆ.

ಪಾದರಸ ವಿಷ, ಅದರ ಪ್ರಯೋಗವನ್ನು ಮನೆಯಲ್ಲಿ ಮಾಡಬಾರದು. ಬದಲಿಗೆ ಬಕೆಟ್ಟಿನ ನೀರಿನಲ್ಲಿ ಲೋಟವನ್ನು ಪೂರ್ತಿ ಮುಳುಗಿಸಿ, ಬೋರಲು ಮಾಡಿ, ಅಂಚು ನೀರಿನಿಂದ ಹೊರಬಾರದಂತೆ ಮೇಲೆತ್ತಿ ನೋಡಿ. ಲೋಟದ ನೀರು ಕೆಳಗಿಳಿಯುವುದಿಲ್ಲ. ಟಾರಿಸೆಲ್ಲಿಯ ಪ್ರಯೋಗದ ತತ್ವವೂ ಅದೇ.

ಪ್ರಯೋಗಾಲಯದಲ್ಲಿ 68 ಎಂದು ಕಂಡರೂ, ಪುಸ್ತಕದಲ್ಲಿ ಇರುವುದು 76 ಎಂದು ರೆಕಾರ್ಡಿನಲ್ಲಿ ತಿದ್ದಿ ಬರೆಯುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಹೊಸದಲ್ಲ. ಪೆರಿಯೆ ಹಾಗೆ ತಿದ್ದಿದ್ದರೆ ಅವನು ಬೆಟ್ಟ ಹತ್ತಿದ್ದೇ ವ್ಯರ್ಥವಾಗುತ್ತಿತ್ತು. ಪರೀಕ್ಷೆಯಲ್ಲಿ 76 ಎಂದೇ ಬರೆಯಿರಿ, ಜೊತೆಗೆ ‘ಸಮುದ್ರ ಮಟ್ಟದಲ್ಲಿ’ ಎಂದು ಸೇರಿಸಿ. ರೆಕಾರ್ಡಿನಲ್ಲಿ ಮಾತ್ರ ಕಣ್ಣಿಗೆ ಕಂಡದ್ದನ್ನೇ ಬರೆಯಿರಿ.