ಗೇಣುದ್ದದ ಮರುತ್



ಬ್ಯಾಂಕಿನಲ್ಲಿ ಲೆಜರ್ ಬರೆದು ನಿವೃತ್ತನಾದವನಿಗೂ ಯುದ್ಧವಿಮಾನಕ್ಕೂ ಏನು ನಂಟು ಎಂದು ನೀವು ಕೇಳಬಹುದು. ನಂಟು ನನ್ನ ಅಣ್ಣನವರದು. 1966ರಲ್ಲಿ ಕಂಬಂ ಬಿಟ್ಟು ಬೆಂಗಳೂರಿಗೆ ಹೋಗಿ, ಎಚ್.ಎ.ಎಲ್. ಕಾರ್ಖಾನೆಯಲ್ಲಿ ಮರುತ್ ವಿಮಾನಕ್ಕೆ ರಿವೆಟ್ ಹೊಡೆದವರು. ನಮ್ಮ ಮನೆಗನ್ನಡವನ್ನು ಬರೆಯಲು ಕಲಿತದ್ದೂ ಅಲ್ಲಿಯೇ. ಈಗ ಎಂಬತ್ತು ದಾಟಿದೆ, ಮರೆವು ಬಂದಿದೆ. ನನ್ನನ್ನೇ ಒಮ್ಮೊಮ್ಮೆ "ಯಾರಪ್ಪಾ ನೀನು?" ಎನ್ನುತ್ತಾರೆ.

ಮರುತ್ ನಮ್ಮ ದೇಶದಲ್ಲೇ ವಿನ್ಯಾಸಗೊಂಡ ಮೊದಲ ಜೆಟ್ ಯುದ್ಧವಿಮಾನ. ವಿನ್ಯಾಸದ ಮುಖ್ಯಸ್ಥರು ಜರ್ಮನಿಯ ಕುರ್ಟ್ ಟ್ಯಾಂಕ್. 1961ರ ಜೂನ್‌ನಲ್ಲಿ ಅದನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಿದೆ. ಅಂದುಕೊಂಡಷ್ಟು ಬಲದ ಎಂಜಿನ್ ಕೊನೆಗೂ ಸಿಗಲಿಲ್ಲ. ಎರಡು ಆರ್ಫಿಯಸ್ ಎಂಜಿನ್‌ಗಳಲ್ಲೇ ಅದು 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿತು.

ಇದರ 72ರಲ್ಲಿ ಒಂದು ಪಾಲಿನ ಮಾದರಿಯ ಬಿಡಿಭಾಗಗಳನ್ನು ಮೊಮ್ಮಗ ತಂದ. ನಿಜವಾದದ್ದು ಸುಮಾರು 16 ಮೀಟರ್ ಉದ್ದ. ಇದು 22 ಸೆಂಟಿಮೀಟರ್, ಒಂದು ಗೇಣು. ಅಣ್ಣನಿಗೆ ತೋರಿಸೋಣ ಎಂದು ನಾವಿಬ್ಬರೂ ಕೂತೆವು.

ಭಾಗಗಳೆಲ್ಲ ರೆಸಿನ್‌ನಲ್ಲಿ ಎರೆದವು. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಸವರಿದ ಜಿಡ್ಡು ಅವುಗಳ ಮೇಲೆ ಇರುತ್ತದೆ. ಸಾಬೂನಿನಲ್ಲಿ ತೊಳೆಯದೆ ನಾನು ಬಣ್ಣ ಬಳಿದೆ. ಮರುದಿನ ಉಗುರು ತಾಗಿದಲ್ಲೆಲ್ಲ ಸಿಪ್ಪೆ ಎದ್ದಿತು. ಎಲ್ಲ ಕೆರೆದು ಮತ್ತೆ ಮೊದಲಿನಿಂದ. ಕೂಡಿದ ಅಂಚು ಉಜ್ಜಲು ದಿಂಡಿಗಲ್‌ನಲ್ಲಿ ಬೀಗ ಮಾಡುವ ಪರಿಚಯದವರೊಬ್ಬರು ಸಣ್ಣ ಅರ ಕೊಟ್ಟರು. ನೀವು ಮಾಡುವುದಾದರೆ ನೀರು ಹಚ್ಚಿ ಉಜ್ಜಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ವಿಮಾನ ಬಾಲದ ಮೇಲೆ ಕುಕ್ಕರಿಸಬಾರದೆಂದು ಮೂತಿಯೊಳಗೆ ಮೀನುಬಲೆಯ ಸೀಸದ ಗುಂಡು ತುಂಬಿದೆವು.

ದೊಡ್ಡ ತಪ್ಪು ನಡೆದದ್ದು ಪೈಲಟ್ ಕೂರುವ ಜಾಗದ ಗಾಜಿನಂಥ ಮುಚ್ಚಳದಲ್ಲಿ. ಸೂಪರ್ ಗ್ಲೂ ಹಾಕಿದೆ. ಅದರ ಆವಿಗೆ ಮುಚ್ಚಳ ಕಣ್ಣಿನ ಪೊರೆಯಂತೆ ಬೆಳ್ಳಗಾಯಿತು. ಮೊಮ್ಮಗ ಮಾತಾಡಲಿಲ್ಲ, ಅದು ಇನ್ನೂ ಕಷ್ಟ. ಬಿಡಿಸಿ, ಟೂತ್‌ಪೇಸ್ಟ್ ಹಚ್ಚಿ ಎರಡು ಸಂಜೆ ತಿಕ್ಕಿದ ಮೇಲೆ ಒಂದಿಷ್ಟು ತಿಳಿಯಾಯಿತು. ಈ ಸಲ ಫೆವಿಕಾಲ್‌ನಿಂದ ಅಂಟಿಸಿದೆವು. ಅದು ಒಣಗಿದರೆ ಕಾಣುವುದಿಲ್ಲ.

ಹಸಿರು, ಮಣ್ಣುಬಣ್ಣಗಳನ್ನು ತೆಳುವಾಗಿ ಎರಡೆರಡು ಸಲ ಬಳಿದು, ಮೂರು ಬಣ್ಣದ ವೃತ್ತ ಅಂಟಿಸಿ, ಅಣ್ಣನ ಕೈಗಿಟ್ಟೆವು. ಬಹಳ ಹೊತ್ತು ನೋಡಿದರು. ರೆಕ್ಕೆಯ ಬುಡವನ್ನು ಹೆಬ್ಬೆರಳಿನಿಂದ ಸವರಿದರು.

"ಇಲ್ಲಿ ರಿವೆಟ್ ಎಲ್ಲೋ? ಯಾರು ಪಾಸು ಮಾಡಿದ್ದು ಇದನ್ನ?"

ಮೊಮ್ಮಗ ಓಡಿಹೋಗಿ ಹೊಲಿಗೆಯ ಸೂಜಿ ತಂದ. ಅಣ್ಣ ಬೆರಳಿಟ್ಟ ಕಡೆಯೆಲ್ಲ ಅವನು ಚುಕ್ಕೆ ಚುಚ್ಚುತ್ತಾನೆ. ಹಚ್ಚಿದ ಬಣ್ಣ ಹಾಳಾಯಿತು, ಹೋಗಲಿ. ಎಡ ರೆಕ್ಕೆ ಮುಗಿದಿದೆ.