ಗಿಟಾರಿನ ಮೆಟ್ಟಿಲೂ ಮನೆಯ ಅರವೂ



ತಂತೀವಾದ್ಯದ ದಂಡಿಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಕಡ್ಡಿಗಳನ್ನು ವೈಣಿಕರು ಮೆಟ್ಟಿಲೆಂದೂ, ಸಿತಾರಿನವರು ಪರದೆಯೆಂದೂ, ಗಿಟಾರಿನವರು ಫ್ರೆಟ್ ಎಂದೂ ಕರೆಯುತ್ತಾರೆ. ಹೆಸರು ಬೇರೆಯಾದರೂ ಕಾರ್ಯವೊಂದೇ. ತಂತಿಯ ಎಷ್ಟು ಭಾಗ ಮಿಡಿಯಬೇಕೆಂಬುದನ್ನು ಅವು ನಿರ್ಣಯಿಸುತ್ತವೆ. ಗಿಟಾರಿನಲ್ಲಿ ತಂತಿಯ ಉದ್ದ 650 ಮಿಲಿಮೀಟರಾದರೆ ಹನ್ನೆರಡನೆಯ ಮೆಟ್ಟಿಲು ಸರಿಯಾಗಿ ಅರ್ಧದಲ್ಲಿ, ಅಂದರೆ 325 ಮಿಲಿಮೀಟರಿನಲ್ಲಿ, ನಿಲ್ಲುತ್ತದೆ. ಅಲ್ಲಿ ಒತ್ತಿದರೆ ಮೇಲಿನ ಸ್ಥಾಯಿಯ ಷಡ್ಜವು ದೊರೆಯುತ್ತದೆ.

ವಿಜಯಪುರಕ್ಕೂ ತಂತೀವಾದ್ಯಕ್ಕೂ ಹಳೆಯ ನಂಟುಂಟು. 1580ರಿಂದ 1627ರವರೆಗೆ ಅಲ್ಲಿ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ತನ್ನ ತಂಬೂರಕ್ಕೆ ಮೋತಿಖಾನ್ ಎಂದು ಹೆಸರಿಟ್ಟು, ‘ಕಿತಾಬ್-ಎ-ನೌರಸ್’ ಗ್ರಂಥದಲ್ಲಿ ಅದನ್ನು ಕೊಂಡಾಡಿದ್ದಾನೆ. ಅರಸನ ವಾದ್ಯ ಕೆಟ್ಟರೆ ಸರಿಪಡಿಸಲು ಆಸ್ಥಾನದ ಕುಶಲಿಗಳಿದ್ದರು. ಇಂದು ಅದೇ ನಗರದ ಇಬ್ರಾಹಿಂಪುರದ ಮನೆಯೊಂದರಲ್ಲಿ ಕಲಿಯುವ ಹುಡುಗನ ಗಿಟಾರು ಝರ್ರೆಂದು ಕರ್ಕಶವಾಗಿ ನುಡಿದರೆ ಗತಿಯೇನು? ಮೆಟ್ಟಿಲಿನ ತಲೆಯನ್ನು ದುಂಡಗೆ ಮಾಡುವ ವಿಶೇಷವಾದ ಅರವು ಎಲ್ಲ ಊರಿನಲ್ಲಿಯೂ ಸಿಕ್ಕುವುದಿಲ್ಲ. ಸಿಕ್ಕರೂ ಅದರ ಬೆಲೆ ಕೆಲವೊಮ್ಮೆ ಕಲಿಯುವವನ ಗಿಟಾರಿನ ಬೆಲೆಯನ್ನೇ ಸಮೀಪಿಸುತ್ತದೆ. ದೋಷವು ವಾದ್ಯದ್ದೆಂದು ತಿಳಿಯದೆ, ತನ್ನ ಬೆರಳೇ ಸರಿಯಿಲ್ಲವೆಂದು ಹುಡುಗನು ಬಗೆಯುತ್ತಾನೆ. ಗಿಟಾರು ಗೋಡೆಯ ಮೊಳೆಗೆ ಸೇರುತ್ತದೆ, ಸಂಗೀತವೂ ಅಲ್ಲಿಗೆ ನಿಲ್ಲುತ್ತದೆ. ಈ ನಷ್ಟವನ್ನು ಬಡಗಿಯ ಪೆಟ್ಟಿಗೆಯಲ್ಲಿರುವ ನಾಲ್ಕೈದು ಉಪಕರಣಗಳಿಂದಲೇ ತಪ್ಪಿಸಬಹುದೆಂಬುದು ನನ್ನ ಅರಿಕೆ.

ಮೊದಲು ಮೆಟ್ಟಿಲುಗಳ ಭೇದವನ್ನು ತಿಳಿಯತಕ್ಕದ್ದು. ವೀಣೆಯ 24 ಮೆಟ್ಟಿಲುಗಳು ಮೇಣದ ಕಟ್ಟೆಯ ಮೇಲೆ ಕುಳಿತಿರುತ್ತವೆ. ಕಾಯಿಸಿ ಮೃದು ಮಾಡಿದರೆ ಅವನ್ನು ಎತ್ತಬಹುದು, ಇಳಿಸಬಹುದು. ಸಿತಾರಿನ ಪರದೆಗಳನ್ನು ದಂಡಿಗೆ ದಾರದಿಂದ ಬಿಗಿದಿರುವುದರಿಂದ ಅವು ಸರಿದಾಡುತ್ತವೆ. ಯುರೋಪಿನ ಹಳೆಯ ಗಿಟಾರುಗಳಲ್ಲಿಯೂ ಮೆಟ್ಟಿಲುಗಳು ದಂಡಿಗೆ ಸುತ್ತಿ ಕಟ್ಟಿದ ಕರುಳಿನ ಎಳೆಗಳೇ ಆಗಿದ್ದವು. ಇಂದಿನ ಗಿಟಾರಿನಲ್ಲಾದರೋ, ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಲೋಹದ ಕಡ್ಡಿಯನ್ನು ಮರದಲ್ಲಿ ಕೊರೆದ ಸೀಳಿನೊಳಗೆ ಬಡಿದು ಕೂರಿಸುತ್ತಾರೆ. ಮರದಿಂದ ಮೇಲೆ ಕಾಣುವ ಅದರ ಎತ್ತರ ಸುಮಾರು ಒಂದು ಮಿಲಿಮೀಟರು ಮಾತ್ರ. ಅರದಿಂದ ಉಜ್ಜಿದ ಲೋಹವು ಮರಳಿ ಬಾರದು. ಆದುದರಿಂದ ಉಜ್ಜುವುದಕ್ಕಿಂತ ಮುಂಚೆ ದೋಷವೆಲ್ಲಿದೆಯೆಂದು ಹುಡುಕುವುದೇ ಮುಖ್ಯವಾದ ಕೆಲಸ.

ಇಲ್ಲಿ ಹಲವರು ಮೋಸಹೋಗುತ್ತಾರೆ. ಐದನೆಯ ಮೆಟ್ಟಿಲಿನಲ್ಲಿ ಒತ್ತಿದಾಗ ಕರ್ಕಶ ದನಿ ಬಂದರೆ ಐದನೆಯದನ್ನೇ ಉಜ್ಜತೊಡಗುತ್ತಾರೆ. ವಾಸ್ತವವಾಗಿ ತಂತಿಯು ತಗಲುತ್ತಿರುವುದು ಅದರ ಮುಂದಿರುವ ಆರನೆಯದಕ್ಕೋ ಏಳನೆಯದಕ್ಕೋ ಇರಬಹುದು. ಐದನೆಯದನ್ನು ಉಜ್ಜಿದಷ್ಟೂ ಅದು ತಗ್ಗಿ ದೋಷವು ಹೆಚ್ಚುತ್ತದೆ. ಆದ್ದರಿಂದ ಉಕ್ಕಿನ ಅಳತೆಪಟ್ಟಿಯ ಒಂದು ತುಂಡನ್ನು ಮೂರು ಮೆಟ್ಟಿಲುಗಳ ಮೇಲೆ ಮಾತ್ರ ನಿಲ್ಲುವಂತೆ ನೆಟ್ಟಗೆ ಇಡಿರಿ. ಪಟ್ಟಿಯು ತಕ್ಕಡಿಯಂತೆ ಓಲಾಡಿದರೆ ನಡುವಿನದು ಎದ್ದಿದೆ ಎಂದರ್ಥ. ಎದ್ದಿರುವ ಮೆಟ್ಟಿಲು ಸಡಿಲವಾಗಿದ್ದರೆ ಅದಕ್ಕೆ ಅರವೇ ಬೇಡ. ಅದರ ಮೇಲೆ ಮರದ ತುಂಡನ್ನಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಎಷ್ಟೋ ವೇಳೆ ಅದು ಸ್ವಸ್ಥಾನಕ್ಕೆ ಸೇರುತ್ತದೆ.

ಇನ್ನು ಉಜ್ಜಲೇಬೇಕಾದ ಪ್ರಸಂಗ. ತಂತಿಗಳನ್ನು ಬಿಚ್ಚಿ, ದಂಡಿಯ ಬಾಗನ್ನು ಸರಿಪಡಿಸಿ, ಮೆಟ್ಟಿಲುಗಳ ನಡುವಣ ಮರಕ್ಕೆ ಅಂಟುಕಾಗದವನ್ನು ಹೊದಿಸಿರಿ. ಪ್ರತಿಯೊಂದು ಮೆಟ್ಟಿಲಿನ ತಲೆಗೂ ಕಪ್ಪು ಶಾಯಿ ಬಳಿಯಿರಿ. ದಪ್ಪ ಗಾಜಿನ ನೇರವಾದ ಪಟ್ಟಿಯೊಂದಕ್ಕೆ ನಯವಾದ ಉಪ್ಪುಕಾಗದವನ್ನು ಅಂಟಿಸಿ, ಭಾರ ಹಾಕದೆ ಉದ್ದುದ್ದಕ್ಕೆ ಎಳೆಯಿರಿ. ಶಾಯಿಯು ಎಲ್ಲ ತಲೆಗಳಲ್ಲಿಯೂ ಅಳಿದಾಗ ಮಟ್ಟವಾಯಿತೆಂದು ತಿಳಿಯತಕ್ಕದ್ದು. ಅಲ್ಲಿಯೇ ಕೈ ನಿಲ್ಲಬೇಕು.

ಈಗ ತಲೆಗಳು ಚಪ್ಪಟೆಯಾಗಿರುತ್ತವೆ. ಚಪ್ಪಟೆಯಾದ ಮೆಟ್ಟಿಲು ಶುದ್ಧವಾದ ಸ್ವರವನ್ನು ಕೊಡದು. ಅದನ್ನು ದುಂಡಗೆ ಮಾಡಲು, ಗರಗಸದ ಹಲ್ಲನ್ನು ಹರಿತಗೊಳಿಸುವ ಸಣ್ಣ ಮೂರು ಮೂಲೆಯ ಅರವು ಸಾಕು. ಆದರೆ ಅದರ ಮೂಲೆಗಳು ಮರವನ್ನು ಗೀರುತ್ತವೆ. ಆದುದರಿಂದ ಮೂರು ಮೂಲೆಗಳನ್ನೂ ಸಾಣೆಕಲ್ಲಿನ ಮೇಲೆ ತೇದು, ಬೆರಳಿಗೆ ನುಣುಪಾಗಿ ತಗಲುವಂತೆ ಮಾಡಿರಿ. ತೇಯುವಾಗ ಆಗಾಗ್ಗೆ ನೀರಿನಲ್ಲಿ ಅದ್ದದಿದ್ದರೆ ಉಕ್ಕು ಕಾದು ತನ್ನ ಗಡಸನ್ನು ಕಳೆದುಕೊಳ್ಳುವುದು. ಬಳಿಕ ತಲೆಗೆ ಮತ್ತೆ ಶಾಯಿ ಬಳಿದು ಎರಡು ಪಕ್ಕಗಳನ್ನೂ ಉಜ್ಜುತ್ತ ಬನ್ನಿರಿ. ನಡುವೆ ಕೂದಲೆಳೆಯಷ್ಟು ಕಪ್ಪುಗೆರೆ ಉಳಿಯುವವರೆಗೆ ಮಾತ್ರ ಉಜ್ಜಬೇಕು. ಆ ಗೆರೆಯೂ ಅಳಿದರೆ ಮಾಡಿದ ಮಟ್ಟವು ಕೆಟ್ಟುಹೋಗುವುದು. ಕೊನೆಗೆ ಇನ್ನೂ ನಯವಾದ ಉಪ್ಪುಕಾಗದದಿಂದ ಹೊಳಪು ಕೊಡಿರಿ. ಲೋಹದ ಪುಡಿಯನ್ನು ಊದಬೇಡಿರಿ, ಒದ್ದೆ ಬಟ್ಟೆಯಿಂದ ತೆಗೆಯಿರಿ.

ಪೂರ್ತಿ ಸವೆದ ಮೆಟ್ಟಿಲನ್ನು ಕೀಳಲು ಬಡಗಿಯ ಮೊಳೆ ಕೀಳುವ ಇಕ್ಕಳವೇ ಆಗುತ್ತದೆ. ಅದರ ಬಾಯಿಯ ಹೊರಮುಖವು ಇಳಿಜಾರಾಗಿರುವುದರಿಂದ ಕಡ್ಡಿಯ ಕೆಳಗೆ ತೂರದು. ಆ ಮುಖವನ್ನು ಚಪ್ಪಟೆಯಾಗಿ ತೇದರೆ ತೂರುತ್ತದೆ. ಬೆಸುಗೆಯ ಸಲಾಕೆಯಿಂದ ಕಡ್ಡಿಯನ್ನು ಮೊದಲು ಬಿಸಿಮಾಡಿ, ಒಂದು ತುದಿಯಿಂದ ಸ್ವಲ್ಪಸ್ವಲ್ಪವಾಗಿ ಎತ್ತಿದರೆ ಮರವು ಚಕ್ಕೆ ಏಳುವುದು ಕಡಮೆ.

ವಿಜಯಪುರದಂತಹ ಒಣಹವೆಯ ಸೀಮೆಯವರಿಗೆ ವಿಶೇಷವಾಗಿ ಒಂದು ಮಾತು. ಬೇಸಗೆಯ ಒಣ ಬಿಸಿಲಿಗೆ ಮರವು ಕುಗ್ಗುತ್ತದೆ, ಲೋಹವು ಕುಗ್ಗುವುದಿಲ್ಲ. ಆಗ ಮೆಟ್ಟಿಲುಗಳ ತುದಿಗಳು ದಂಡಿಯ ಅಂಚಿನಿಂದ ಹೊರಚಾಚಿ ಕೈಯನ್ನು ಗೀರುತ್ತವೆ. ಇದನ್ನು ತಯಾರಿಕೆಯ ದೋಷವೆಂದು ಬಗೆಯಬೇಕಾದುದಿಲ್ಲ. ಮೂಲೆ ತೇದ ಅದೇ ಅರದಿಂದ ತುದಿಗಳನ್ನು ಓರೆಯಾಗಿ ಉಜ್ಜಿದರೆ ತೀರಿತು. ವಾದ್ಯವನ್ನು ತಗಡಿನ ಮಾಡಿನ ಕೆಳಗಾಗಲಿ ಬಿಸಿಲು ತಾಗುವ ಗೋಡೆಗಾಗಲಿ ತೂಗುಹಾಕದೆ ಪೆಟ್ಟಿಗೆಯಲ್ಲಿಟ್ಟರೆ ಈ ತೊಂದರೆಯು ಬಹುಮಟ್ಟಿಗೆ ತಪ್ಪುತ್ತದೆ.

ಮೊದಲ ಪ್ರಯೋಗವನ್ನು ನುಡಿಸಲು ಬಾರದ ಹಳೆಯ ಗಿಟಾರಿನ ಮೇಲೆ ಮಾಡುವುದು ಮೇಲು. ಬೆಲೆಯುಳ್ಳ ವಾದ್ಯವನ್ನು ನುರಿತವರಿಗೇ ಒಪ್ಪಿಸತಕ್ಕದ್ದು. ಆದರೆ ಅಗ್ಗದ ಗಿಟಾರೊಂದನ್ನು ಮೊಳೆಯಿಂದ ಇಳಿಸಿ ಮತ್ತೆ ಕಲಿಯುವವನ ಕೈಗೆ ಕೊಡಲು, ಮೂಲೆ ತೇದ ಒಂದು ಅರವೂ, ಒಂದು ತುಂಡು ಗಾಜೂ, ಒಂದು ಸಂಜೆಯ ತಾಳ್ಮೆಯೂ ಸಾಕು.