ಹಾಸಿಗೆಯಿಂದ ನೆಲಕ್ಕೆ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯವರಿಗೆ ಗರಡಿಮನೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಜ್ವರ ಬಂದು ತಿಂಗಳೊಪ್ಪತ್ತು ಮಲಗಿ ಎದ್ದ ಪೈಲ್ವಾನನನ್ನು ನೀವು ನೋಡಿರಬಹುದು. ತೊಡೆ ಸೊರಗಿರುತ್ತದೆ. ನೂರು ಬಸ್ಕಿ ಹೊಡೆಯುತ್ತಿದ್ದವನು ಹತ್ತಕ್ಕೇ ಏದುಸಿರು ಬಿಡುತ್ತಾನೆ. ಹಾಗಾದರೆ ಔಷಧಿ ಕೊಟ್ಟು ಮಂಪರಿನಲ್ಲಿಟ್ಟು, ಗಂಟಲಿಗೆ ನಳಿಕೆ ಇಳಿಸಿ, ಯಂತ್ರದಿಂದ ಉಸಿರಾಡಿಸುವ ರೋಗಿಯ ಗತಿ ಏನು? ಇವತ್ತಿನ ಮಾತು ಅದರ ಬಗ್ಗೆ.

ಮೊದಲು ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. 2021ರ ಮೇ ತಿಂಗಳು, ಕೋವಿಡ್‌ನ ಎರಡನೆಯ ಅಲೆ. ಬೈಲಹೊಂಗಲ ತಾಲೂಕಿನ ನಮ್ಮ ಕಾಕಾ ಬೆಳಗಾವಿಯ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿದ್ದರು. ಮುಖಕ್ಕೆ ಆಕ್ಸಿಜನ್ ಮುಸುಕು. ಮನೆಯವರಿಗೆ ಒಳಗೆ ಪ್ರವೇಶವಿಲ್ಲ. ಐದನೆಯ ದಿನ ಅವರ ಮಗ ಫೋನಿನಲ್ಲಿ ಸಿಡುಕಿದ: “ಅಪ್ಪಗ ಉಸಿರಾಡಾಕ ಆಗವಲ್ದು, ಇವರು ಎದ್ದು ಕುಂದರ್ರಿ ಅಂತಾರಂತ! ನೀ ಸೈನ್ಸ್ ಓದಿದಾಂವ, ಇದು ಬರೋಬರಿ ಏನ?” ನಾನು ಬಿ.ಎಸ್ಸಿ. ಓದಿದವನು. ಆದರೂ “ಬ್ಯಾಡ, ಮಲಗಿರ್ಲಿ ಅಂತ ಹೇಳು” ಎಂದುಬಿಟ್ಟೆ. ಪುಣ್ಯಕ್ಕೆ ಅಲ್ಲಿಯ ನರ್ಸಮ್ಮ ನಮ್ಮ ಮಾತು ಕೇಳಲಿಲ್ಲ.

ಆಕೆ ಮಾಡಿದ್ದು ಯಾಕೆ ಸರಿ ಎಂಬುದನ್ನು ನೋಡೋಣ. ನಮ್ಮ ಸ್ನಾಯುಗಳಲ್ಲಿ ಪ್ರೋಟೀನನ್ನು ಕಟ್ಟುವ ಕೆಲಸ, ಒಡೆಯುವ ಕೆಲಸ ಎರಡೂ ಹಗಲಿರುಳು ಒಟ್ಟಿಗೇ ನಡೆದಿರುತ್ತವೆ. ದೇಹದ ಭಾರ ಹೊರುವ ಕೆಲಸ ನಿಂತರೆ ಕಟ್ಟುವುದು ಕುಗ್ಗುತ್ತದೆ. ಕಾಯಿಲೆಯ ಉರಿಯೂತ ಒಡೆಯುವುದನ್ನು ಹೆಚ್ಚಿಸುತ್ತದೆ. ಇದರ ಜೊತೆಗೆ ಮಂಪರಿನ ಔಷಧಿ, ಕೆಲವರಿಗೆ ಸ್ನಾಯು ಸಡಿಲಿಸುವ ಔಷಧಿ. ಕೋವಿಡ್‌ನಲ್ಲಿ ಜೀವ ಉಳಿಸಿದ ಸ್ಟಿರಾಯ್ಡ್ ಕೂಡ ಸ್ನಾಯುವಿಗೆ ಅಷ್ಟು ಹಿತವಾದದ್ದಲ್ಲ. ಬ್ರಿಟನ್ನಿನ ವೈದ್ಯರು 63 ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡಿನಿಂದ ಅಳೆದು 2013ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ನಿಗಾ ಘಟಕದ ಮೊದಲ 10 ದಿನಗಳಲ್ಲೇ ಅದರ ಅಡ್ಡಕೊಯ್ತದ ವಿಸ್ತೀರ್ಣ ಸರಾಸರಿ ಶೇ. 17ಕ್ಕೂ ಹೆಚ್ಚು ಕುಗ್ಗಿತ್ತು. ತೊಡೆಯದು ಕಣ್ಣಿಗೆ ಕಾಣುತ್ತದೆ, ಕಾಣದ್ದು ವಪೆಯದು. ಉಸಿರೆಳೆಯುವ ಈ ಸ್ನಾಯುವಿನ ಕೆಲಸವನ್ನು ಯಂತ್ರವೇ ವಹಿಸಿಕೊಂಡಾಗ ಅದೂ ಕೆಲವೇ ದಿನಗಳಲ್ಲಿ ತೆಳುವಾಗುತ್ತದೆ. ಆಮೇಲೆ ಯಂತ್ರ ಬಿಡಿಸುವುದೇ ಕಷ್ಟ.

ಮಲಗಿಸಿಯೇ ವಾಸಿ ಮಾಡಬೇಕೆಂಬ ನಂಬಿಕೆ ಹಳೆಯದು. ಒಂದು ಕಾಲಕ್ಕೆ ಶಸ್ತ್ರಚಿಕಿತ್ಸೆಯಾದವರನ್ನು ವಾರಗಟ್ಟಲೆ ಹಾಸಿಗೆಗೇ ಅಂಟಿಸಿಡುತ್ತಿದ್ದರು. 1947ರಲ್ಲಿ ಬ್ರಿಟಿಷ್ ವೈದ್ಯ ರಿಚರ್ಡ್ ಆಷರ್ ಹಾಸಿಗೆಯ ಅಪಾಯಗಳ ಕುರಿತೇ ಒಂದು ಲೇಖನ ಬರೆದರು. ಇನ್ನು ನಿಗಾ ಘಟಕ ಎಂಬುದು ಹುಟ್ಟಿದ್ದೇ ಸಾಂಕ್ರಾಮಿಕದಿಂದ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಉಸಿರಾಟದ ಯಂತ್ರಗಳು ಸಾಲಲಿಲ್ಲ. ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರ ಸಲಹೆಯಂತೆ ನೂರಾರು ವೈದ್ಯಕೀಯ ವಿದ್ಯಾರ್ಥಿಗಳು, ಹೆಚ್ಚುಕಡಿಮೆ ನಿಮ್ಮದೇ ವಯಸ್ಸಿನವರು, ಪಾಳಿಯ ಮೇಲೆ ಕುಳಿತು ಚೀಲ ಒತ್ತಿ ಒತ್ತಿ ರೋಗಿಗಳಿಗೆ ಕೈಯಿಂದಲೇ ಉಸಿರು ಕೊಟ್ಟರು. ಅಲ್ಲಿಂದ ಮುಂದೆ ಜೀವ ಉಳಿಸುವುದನ್ನು ವೈದ್ಯರು ಬಹಳ ಬೇಗ ಕಲಿತರು. ಉಳಿದ ಜೀವ ಮನೆಗೆ ಹೋಗಿ ಏನು ಮಾಡೀತು ಎಂದು ಕೇಳುವುದಕ್ಕೆ ಹೆಚ್ಚು ಕಾಲ ಹಿಡಿಯಿತು. ಅಮೆರಿಕದಲ್ಲಿ 104 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ಆ ಪ್ರಶ್ನೆ ಕೇಳಿತು. ಯಂತ್ರದ ಮೇಲಿರುವಾಗಲೇ ದಿನಕ್ಕೊಮ್ಮೆ ಮಂಪರು ತಗ್ಗಿಸಿ ಮೈಕೈ ಆಡಿಸಿದವರಲ್ಲಿ ಶೇ. 59 ಮಂದಿ, ಎಂದಿನ ಆರೈಕೆಯವರಲ್ಲಿ ಶೇ. 35 ಮಂದಿ, ಆಸ್ಪತ್ರೆ ಬಿಡುವ ಹೊತ್ತಿಗೆ ತಮ್ಮ ಕೆಲಸ ತಾವು ಮಾಡಿಕೊಳ್ಳುವಂತಾಗಿದ್ದರು.

ಎಬ್ಬಿಸುವುದೆಂದರೆ ಏಕಾಏಕಿ ನಡೆಸುವುದೆಂದು ತಿಳಿಯಬೇಡಿ. ಪ್ರಜ್ಞೆ ಇಲ್ಲದವರಿಗೆ ಕೀಲುಗಳನ್ನು ಬೇರೆಯವರೇ ಆಡಿಸಬೇಕು. ಪ್ರಜ್ಞೆ ಬಂದ ಮೇಲೆ ತಲೆಯ ಕಡೆ ಎತ್ತರಿಸಿ ಕೂಡಿಸುವುದು, ಮಂಚದ ಅಂಚಿಗೆ ಕಾಲು ಇಳಿಬಿಡಿಸುವುದು, ಆಸರೆ ಕೊಟ್ಟು ನಿಲ್ಲಿಸುವುದು, ಆಮೇಲೆ ಕುರ್ಚಿ, ಕಡೆಗೆ ಹೆಜ್ಜೆ. ರಕ್ತದೊತ್ತಡ ಏರುಪೇರಾಗುತ್ತಿದ್ದರೆ ಆ ದಿನ ಬೇಡ. ಕೋವಿಡ್‌ನಲ್ಲಿ ಮತ್ತೊಂದು ಮೋಸವಿತ್ತು: ರೋಗಿ ಆರಾಮವಾಗಿ ಮಾತಾಡುತ್ತಿದ್ದರೂ ರಕ್ತದ ಆಕ್ಸಿಜನ್ ಸದ್ದಿಲ್ಲದೆ ಇಳಿದಿರುತ್ತಿತ್ತು. ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಮಾಪಕದ ಮೇಲೆ ಕಣ್ಣಿಟ್ಟೇ ಎಬ್ಬಿಸಬೇಕಾಗಿತ್ತು.

ಸಾಂಕ್ರಾಮಿಕದ ನಡುವೆ ಇದೆಲ್ಲ ಹೇಳಿದಷ್ಟು ಸುಲಭವಾಗಿರಲಿಲ್ಲ. ನಳಿಕೆ, ತಂತಿಗಳ ಸಮೇತ ಒಬ್ಬರನ್ನು ನಿಲ್ಲಿಸಲು ಮೂರ್ನಾಲ್ಕು ಜನ ಬೇಕು. ಮೈತುಂಬ ರಕ್ಷಾಕವಚ ತೊಟ್ಟು ಬೆವರಿನಲ್ಲಿ ತೊಯ್ದವರು ಎಷ್ಟು ಹಾಸಿಗೆಗೆ ಓಡಾಡಿಯಾರು? ಫಿಜಿಯೊಥೆರಪಿಸ್ಟರು ಮೊದಲೇ ಕಡಿಮೆ. ಬೇರೆ ದಿನಗಳಲ್ಲಾದರೆ ಮಗನೋ ಮಗಳೋ ಬಂದು ಕೈಕಾಲು ನೀವುತ್ತಿದ್ದರು, ಆಗ ಅದೂ ಇಲ್ಲ. ನಮ್ಮ ನಾಲ್ಕೂ ತಾಲೂಕಿನವರು ತೀವ್ರ ಕಾಯಿಲೆಗೆ ಬೆಳಗಾವಿಗೋ ಧಾರವಾಡ, ಹುಬ್ಬಳ್ಳಿಗೋ ಹೋಗಬೇಕು. ರಾಮದುರ್ಗದಿಂದ ಬೆಳಗಾವಿ ಸುಮಾರು 100 ಕಿಲೋಮೀಟರ್. ಅಷ್ಟು ದೂರ ಹೋಗಿ ಬದುಕಿ ಬಂದವರಿಗೆ ಊರಿನಲ್ಲಿ ಮುಂದಿನ ವ್ಯಾಯಾಮ ಹೇಳಿಕೊಡುವವರು ಯಾರು? ಮಗ್ಗದ ಮುಂದೆ ಕೂರಬೇಕಾದ ನೇಕಾರನಿಗೆ, ಎರೆಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳಿಗೆ ಕಾಲಿನ ಬಲವೆಂದರೆ ಕೂಲಿ.

ಎಬ್ಬಿಸಿದಷ್ಟೂ ಒಳ್ಳೆಯದೇ? ಅದೂ ಅಲ್ಲ. 2022ರಲ್ಲಿ ಪ್ರಕಟವಾದ, ಆರು ದೇಶಗಳ 750 ರೋಗಿಗಳ ಪರೀಕ್ಷೆಯಲ್ಲಿ ಒಂದು ಗುಂಪಿಗೆ ದಿನಕ್ಕೆ ಸುಮಾರು 21 ನಿಮಿಷ, ಇನ್ನೊಂದಕ್ಕೆ ಎಂದಿನಂತೆ ಸುಮಾರು 9 ನಿಮಿಷ ಚಲನೆ ದೊರೆಯಿತು. ಆರು ತಿಂಗಳ ನಂತರ ನೋಡಿದರೆ ಹೆಚ್ಚು ಆಡಿಸಿದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಎದೆಬಡಿತ ತಪ್ಪುವುದು, ಆಕ್ಸಿಜನ್ ಇಳಿಯುವುದು ಮುಂತಾದ ತೊಂದರೆಗಳು ಮಾತ್ರ ಅವರಲ್ಲಿ ಜಾಸ್ತಿ. ನನಗೆ ಈ ಫಲಿತಾಂಶ ಬಹಳ ಹಿಡಿಸಿತು. ಎರಡೂ ಗುಂಪುಗಳನ್ನು ಎಬ್ಬಿಸಿದ್ದರು ಎಂಬುದನ್ನು ಗಮನಿಸಿ. ಅಳತೆ ಎಷ್ಟು, ಯಾರಿಗೆ, ಯಾವ ದಿನದಿಂದ ಎಂಬ ಪ್ರಶ್ನೆಗಳು ಉಳಿದಿವೆ. ಫಿಜಿಯೊಥೆರಪಿಯನ್ನೋ ನರ್ಸಿಂಗನ್ನೋ ಓದಬೇಕೆಂದಿರುವವರಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ.

ಕಾಕಾ ಹನ್ನೆರಡನೆಯ ದಿನ ನಿಗಾ ಘಟಕದಿಂದ ಹೊರಬಂದರು. ಊರಿಗೆ ಬಂದಾಗ ಹೊಸ್ತಿಲು ದಾಟಲು ಮಗನ ಹೆಗಲು ಬೇಕಾಯಿತು, ಆದರೆ ದಾಟಿದ್ದು ತಮ್ಮ ಕಾಲಿನಿಂದಲೇ. ಆ ನರ್ಸಮ್ಮನ ಮುಖ ಅವರು ನೋಡಿಯೇ ಇಲ್ಲ, ಬರೀ ಕಣ್ಣು ಕಂಡಿದ್ದಂತೆ. “ಅಜ್ಜಾರ, ಕಾಲ ಕೆಳಗ ಬಿಡ್ರಿ ಅಂದ್ಲು. ಬಿಟ್ಟೆ. ನೆಲಾ ತಣ್ಣಗಿತ್ತು ನೋಡು” ಎನ್ನುತ್ತಾರೆ.